ನಡೆಯದವರು ಅಗೆದ ಹಾದಿ

ಸುಂಕೇನಹಳ್ಳಿ ಎಲ್ಲಿದೆ ಎಂದು ಬಸವನಗುಡಿಯ ಬೀದಿ ಅಗೆಯಲು ಸಹಿ ಹಾಕುವ ಎಂಜಿನಿಯರನ್ನು ಕೇಳಿ ನೋಡಿ. ಗೊತ್ತಿರಲಾರದು. ಅವರು ಅಗೆಸುತ್ತಿರುವುದು ಸುಂಕೇನಹಳ್ಳಿಯನ್ನೇ. ಮಾವಳ್ಳಿ, ಗವಿಪುರ, ಗುಟ್ಟಹಳ್ಳಿ ಎಂಬ ಹೆಸರುಗಳು ಅವರಿಗೆ ಬಸ್‌ಸ್ಟಾಪಿನ ಬೋರ್ಡಿನಲ್ಲಿ ಕಂಡ ಹೆಸರುಗಳು, ಟೆಂಡರ್ ಕಾಗದದಲ್ಲಿ ವಾರ್ಡಿನ ಪಕ್ಕ ಬರೆದ ಹೆಸರುಗಳು. ಅಲ್ಲೊಂದು ಹಳ್ಳಿ ಇತ್ತು, ಅದಕ್ಕೊಂದು ಕೆರೆ ಇತ್ತು, ಗುಡ್ಡ ಇತ್ತು, ಕಡಲೆಕಾಯಿ ಹೊಲ ಇತ್ತು, ಆ ಹಳ್ಳಿಯ ಅರ್ಧದಷ್ಟಾದರೂ ಇಂದಿಗೂ ಕಾಲ ಕೆಳಗೇ ಇದೆ ಎಂಬುದು ಯಾವ ಅಂದಾಜು ಪಟ್ಟಿಯಲ್ಲೂ ಬರುವುದಿಲ್ಲ. ಪಟ್ಟಿಯಲ್ಲಿ ಬರದದ್ದನ್ನು ಒಡೆದರೆ ಯಾರೂ ಲೆಕ್ಕ ಕೇಳುವುದಿಲ್ಲ. ಈ ಊರನ್ನು ಹೀಗೆಯೇ ಒಡೆಯುತ್ತಿದ್ದಾರೆ.

1890ರ ದಶಕದಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಬಡಾವಣೆ ಎಳೆಯಿತು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸಾಯತೊಡಗಿದಾಗ, ಬದುಕಿದವರು ಗಾಳಿ ಬೆಳಕು ಹುಡುಕಿಕೊಂಡು ಬಸವನಗುಡಿಗೆ, ಮಲ್ಲೇಶ್ವರಕ್ಕೆ ಬಂದರು. ಅಗಲವಾದ ಬೀದಿ, ಬೀದಿಯ ಎರಡೂ ಬದಿ ಸಾಲುಮರ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ. ರೋಗಕ್ಕೆ ಎಡೆ ಇರಬಾರದೆಂದು ಹಾಕಿದ ನಕ್ಷೆ ಅದು. ಆ ನಕ್ಷೆ ಹಳ್ಳಿಯನ್ನು ಪೂರ್ತಿ ನುಂಗಲಿಲ್ಲ. ಬಂಡೆಯನ್ನು ಬಂಡೆಯಾಗಿ ಬಿಟ್ಟಿತು, ಗುಡಿಯ ಗುಡ್ಡವನ್ನು ಗುಡ್ಡವಾಗಿ ಬಿಟ್ಟಿತು, ಪರಿಷೆಗೆ ಜಾಗ ಬಿಟ್ಟಿತು. ಹಾಗೆ ಬಿಟ್ಟದ್ದರಿಂದಲೇ ಒಂದು ಮನೆಯವರು ಮೊಮ್ಮಗುವಿನ ಕೈ ಹಿಡಿದು ಒಂದು ಬೆಳಗಿನಲ್ಲಿ ನಾಲ್ಕೈದು ನೂರು ವರ್ಷ ನಡೆದು ಬರಬಹುದಾಗಿತ್ತು.

ಆ ಸುತ್ತು ಎಂಥದ್ದೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡ ಗಣಪತಿಯಿಂದ ಹೊರಡಿ. ಮೇಲೆ ಹತ್ತಿದರೆ ದೊಡ್ಡ ಬಸವ: ಹದಿನೈದು ಅಡಿ ಎತ್ತರ, ಇಪ್ಪತ್ತು ಅಡಿ ಉದ್ದದ ಏಕಶಿಲೆ. ಮಗು ಕತ್ತೆತ್ತಿ ನೋಡುತ್ತದೆ, ಕಡಲೆಕಾಯಿ ಹೊಲ ಮೇಯುತ್ತಿದ್ದ ಬಸವನ ಕಥೆಯನ್ನು ಅಜ್ಜಿ ಹೇಳುತ್ತಾಳೆ. ಸುಂಕೇನಹಳ್ಳಿ, ಗವಿಪುರ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಹೊಸ ಫಸಲನ್ನು ಮೊದಲು ಬಸವನಿಗೆ ಒಪ್ಪಿಸುತ್ತೇವೆಂದು ಹರಕೆ ಹೊತ್ತ ಕಥೆ ಅದು. ಕಾರ್ತಿಕದ ಕಡೆಯ ಸೋಮವಾರ ಬರುವ ಪರಿಷೆಗೆ ಬೇರು ಅಲ್ಲಿದೆ. ಬಸವನ ಪಾದದಡಿಯಲ್ಲೇ ವೃಷಭಾವತಿ ಹುಟ್ಟುತ್ತಾಳೆ ಎಂಬ ನಂಬಿಕೆಯೂ ಅಲ್ಲೇ ಇದೆ. ಪಕ್ಕದಲ್ಲಿ ಕಹಳೆ ಬಂಡೆ. ಕಾವಲುಗಾರ ನಿಂತು ಕಹಳೆ ಊದುತ್ತಿದ್ದ ಜಾಗವೆಂದು ಹೇಳುತ್ತಾರೆ. ಬಂಡೆಯ ವಯಸ್ಸು ಮಾತ್ರ ಮನುಷ್ಯರ ಲೆಕ್ಕಕ್ಕೆ ಸಿಗದು. ಸಂಜೆ ಅಲ್ಲಿಯ ಮರಗಳಿಂದ ಬಾವಲಿಗಳು ಏಳುವುದನ್ನು ನೋಡಲು ಮಕ್ಕಳು ಕಾದು ಕೂರುತ್ತಾರೆ.

ಅಲ್ಲಿಂದ ಇಳಿದರೆ ಕಾರಂಜಿ ಆಂಜನೇಯ. ಹಾಗೇ ಪಶ್ಚಿಮಕ್ಕೆ ನಡೆದರೆ ಗವಿಪುರ. ಗವಿ ಗಂಗಾಧರೇಶ್ವರನ ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನ ಎಂಬ ಎರಡು ದೊಡ್ಡ ಕಲ್ಲಿನ ಚಕ್ರಗಳು, ತ್ರಿಶೂಲ, ಡಮರು. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬಿನ ನಡುವೆ ಹಾದು ಗವಿಯೊಳಗಿನ ಲಿಂಗ ಮುಟ್ಟುತ್ತದೆ. ಎದುರಿಗೆ ಹರಿಹರ ಗುಡ್ಡ. ಅದರಾಚೆ ಕೆಂಪಾಂಬುಧಿ ಕೆರೆ, ಕೆರೆಯ ಬಳಿ ಕೆಂಪೇಗೌಡರ ಗೋಪುರ. ಕಾಲಿನಲ್ಲಿ ಇನ್ನೂ ಶಕ್ತಿ ಇದ್ದರೆ ಪೂರ್ವಕ್ಕೆ ತಿರುಗಿ ಮಾವಳ್ಳಿಯ ಮೇಲೆ ಲಾಲ್‌ಬಾಗು. ಅಲ್ಲಿಯ ಬಂಡೆಯ ಮೇಲೂ ಅಂಥದ್ದೇ ಗೋಪುರ. ದಾರಿಯಲ್ಲಿ ದಣಿವಾದರೆ ಗಾಂಧಿಬಜಾರಿನಲ್ಲಿ 1943ರಿಂದ ದೋಸೆ ಹಾಕುತ್ತಿರುವ ವಿದ್ಯಾರ್ಥಿ ಭವನ. ಇಷ್ಟು ಚರಿತ್ರೆ, ಇಷ್ಟು ಭೂಗರ್ಭ, ಇಷ್ಟು ನೆರಳು ಹತ್ತು ವರ್ಷದ ಮಗುವಿನ ಹೆಜ್ಜೆಯ ಅಳತೆಗೆ ಸಿಗುವ ಊರು ಈ ನಾಡಿನಲ್ಲಿ ಎಷ್ಟಿವೆ? ಮಾಸ್ತಿಯವರು ಕೊಡೆ ಹಿಡಿದು ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ನಡೆದದ್ದು ಈ ಬೀದಿಗಳಲ್ಲಿ. ಡಿವಿಜಿ ನಡೆದದ್ದು ಇಲ್ಲೇ. ನಿಸಾರ್ ಅಹಮದ್ ಅವರ ಮೊದಲ ಸಂಕಲನ, 1960ರ ‘ಮನಸು ಗಾಂಧಿ ಬಜಾರು’, ತನ್ನ ಹೆಸರು ಪಡೆದದ್ದು ಇಲ್ಲಿಂದ. ಕನ್ನಡ ಸಾಹಿತ್ಯದ ಒಂದು ಪಾಲು ಈ ಫುಟ್‌ಪಾತಿನ ಮೇಲೆ ಓಡಾಡಿದೆ.

ಈಗ ಆ ಫುಟ್‌ಪಾತು ಎಲ್ಲಿದೆ?

ಒಂದು ಚಪ್ಪಡಿ ಮೇಲೆ, ಪಕ್ಕದ್ದು ಕೆಳಗೆ, ಮೂರನೆಯದು ಚರಂಡಿಯೊಳಗೆ. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರು, ಅದರ ಪಕ್ಕ ಕೇಬಲ್ಲಿನ ಪೆಟ್ಟಿಗೆ, ಅದರ ಮುಂದೆ ಯಾರದೋ ಮನೆಯ ಕಾರು ಏರಲು ಕಟ್ಟಿಕೊಂಡ ಸಿಮೆಂಟಿನ ಇಳಿಜಾರು. ಅಜ್ಜಿ ಬೀದಿಗಿಳಿಯುತ್ತಾಳೆ. ಬೀದಿಯಲ್ಲಿ ಸ್ಕೂಟರು ಎದುರು ದಿಕ್ಕಿನಿಂದ ಬರುತ್ತದೆ. ಮಂಡಿನೋವಿನ ಹೆಂಗಸು, ತಳ್ಳುಗಾಡಿಯಲ್ಲಿ ಕೂಸು ಕೂರಿಸಿಕೊಂಡ ತಾಯಿ, ಬಿಳಿ ಕೋಲು ಹಿಡಿದವರು, ಬ್ಯಾಗು ಹೊತ್ತ ಶಾಲೆ ಹುಡುಗ: ಇವರಲ್ಲಿ ಒಬ್ಬರಿಗಾದರೂ ನೂರು ಮೀಟರು ನೆಟ್ಟಗೆ ನಡೆಯಲು ಆಗುತ್ತದೆಯೇ ಎಂದು ಯಾರಾದರೂ ನೋಡಿದ್ದಾರೆಯೇ? ಅದೇ ಫುಟ್‌ಪಾತನ್ನು ಒಂದು ವರ್ಷ ಕಿತ್ತು ಟೈಲ್ಸ್ ಹಾಕುತ್ತಾರೆ. ಮರುವರ್ಷ ಜಲಮಂಡಳಿ ಬಂದು ಕೀಳುತ್ತದೆ. ಮುಚ್ಚಿದ ಮೇಲೆ ಬೆಸ್ಕಾಂ ಬರುತ್ತದೆ. ಆಮೇಲೆ ಓಎಫ್‌ಸಿ ಕೇಬಲ್ಲಿನವರು ರಾತ್ರಿ ಹೊತ್ತು ಬರುತ್ತಾರೆ. ‘ಕಾಮಗಾರಿ ಪ್ರಗತಿಯಲ್ಲಿದೆ, ಸಹಕರಿಸಿ’ ಎಂಬ ಬೋರ್ಡು ಮಳೆಗೆ ನೆನೆದು ಬಣ್ಣ ಬಿಟ್ಟರೂ ಕಾಮಗಾರಿ ಮುಗಿಯುವುದಿಲ್ಲ. ಎಷ್ಟು ಸಹಕರಿಸಬೇಕು? ನಮ್ಮ ತಂದೆ ತಾಯಿಯ ಸೊಂಟದ ಮೂಳೆ ಮುರಿಯುವಷ್ಟೇ?

ಗಾಂಧಿಬಜಾರಿನ ಮಾತು ಎತ್ತಲೇಬೇಕು. ನಡೆಯುವವರಿಗಾಗಿ ಬೀದಿ ಮಾಡುತ್ತೇವೆಂದು 2022ರ ಕೊನೆಗೆ ಅಲ್ಲಿ ಅಗೆತ ಶುರುವಾಯಿತು. ಉದ್ದೇಶ ಒಳ್ಳೆಯದೇ. ಕಾರುಗಳನ್ನು ತೆಗೆದು ಜನರಿಗೆ ಬೀದಿ ಬಿಟ್ಟುಕೊಡುವುದನ್ನು ನಾನು ವಿರೋಧಿಸುವುದಿಲ್ಲ. ಆದರೆ ಮಾಡಿದ ರೀತಿ ನೋಡಿ. ಮಲ್ಲಿಗೆ, ಸೇವಂತಿಗೆ, ಬಾಳೆಕಂಬ ಮಾರಿಕೊಂಡು ತಲೆಮಾರುಗಳಿಂದ ಕೂತವರನ್ನು ಎಬ್ಬಿಸಿದರು. ಅಂಗಡಿಯ ಮುಂದೆ ತಿಂಗಳುಗಟ್ಟಲೆ ಕಂದಕ. ಹಬ್ಬ ಬಂತು, ಹಬ್ಬ ಹೋಯಿತು, ಕಂದಕ ಹೋಗಲಿಲ್ಲ. ಗೌರಿಹಬ್ಬದ ಹಿಂದಿನ ದಿನ ಒಂದು ಮೊಳ ಹೂವಿಗೆ ಬರುವ ದುಡ್ಡಿನಲ್ಲಿ ಸಂಸಾರ ನಡೆಸುವ ಹೆಂಗಸಿಗೆ ನಿಮ್ಮ ಗಡುವು ಒಂದು ತಿಂಗಳು ಮುಂದೆ ಹೋದರೆ ಏನಾಗುತ್ತದೆಂದು ಯಾವ ಸಭೆಯಲ್ಲಿ ಚರ್ಚೆಯಾಯಿತು? ನಡೆಯುವವರ ಹೆಸರಿನಲ್ಲಿ ನಡೆದ ಕಾಮಗಾರಿಯಲ್ಲೇ ನಡೆಯುವವರು ಅಷ್ಟು ಕಾಲ ಹಲಗೆಯ ಮೇಲೆ, ಮಣ್ಣಿನ ದಿಬ್ಬದ ಮೇಲೆ ಸರ್ಕಸ್ಸು ಮಾಡಿದರು. ಕಾಳಜಿ ಇಲ್ಲದ ಕೈಯಿಂದ ಒಳ್ಳೆಯ ಯೋಜನೆಯೂ ಹಾಳಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೂ ಕಲ್ಲು ಮತ್ತೆ ಹಾಸಬಹುದು. ಮರವನ್ನು ಹಾಸಲಾಗದು.

ಮರದ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಒಂದೂವರೆ ಎರಡು ಅಡಿಯಲ್ಲೇ ಹರಡಿರುತ್ತದೆ. ನೀರು ಕುಡಿಯುವ ಎಳೆ ಬೇರು ಅಲ್ಲೇ, ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರು ಕಾಂಡದ ಬುಡದ ಸುತ್ತಲೇ. ಕೇಬಲ್ಲಿನ, ಪೈಪಿನ, ಚರಂಡಿಯ ಕಾಲುವೆ ತೋಡುವುದೂ ಅಷ್ಟೇ ಆಳಕ್ಕೆ, ಮರದ ಬುಡಕ್ಕೆ ಒತ್ತಿಕೊಂಡೇ. ಜೆಸಿಬಿಯ ಹಲ್ಲಿಗೆ ಬೇರೂ ಒಂದೇ, ಕಲ್ಲೂ ಒಂದೇ. ಒಂದು ಬದಿಯ ಬೇರು ಪೂರ್ತಿ ಕತ್ತರಿಸಿ, ಅದರ ಮೇಲೆ ಕಾಂಡಕ್ಕೆ ಅಂಟುವಂತೆ ಕಾಂಕ್ರೀಟು ಸುರಿದು, ಕರ್ಬ್ ಸ್ಟೋನ್ ಕೂರಿಸಿ ಹೋಗುತ್ತಾರೆ. ಮರ ಆಗಲೇ ಬೀಳುವುದಿಲ್ಲ. ಒಂದು ವರ್ಷ, ಎರಡು ವರ್ಷ ಎಲೆ ಸಣ್ಣದಾಗುತ್ತಾ, ತುದಿ ಒಣಗುತ್ತಾ ನಿಂತಿರುತ್ತದೆ. ಏಪ್ರಿಲ್ ಮೇ ತಿಂಗಳ ಮೊದಲ ಗಾಳಿಮಳೆಗೆ ಬೇರಿಲ್ಲದ ಕಡೆಗೆ ಒರಗುತ್ತದೆ. ಕೆಳಗೆ ಆಟೋ ಇರುತ್ತದೆ, ಸ್ಕೂಟರ್ ಸವಾರ ಇರುತ್ತಾನೆ. ಮರುದಿನ ಪತ್ರಿಕೆಯಲ್ಲಿ ಗಾಳಿಯ ಮೇಲೆ ದೂರು, ಮಳೆಯ ಮೇಲೆ ದೂರು, ಮುದಿಮರದ ಮೇಲೆ ದೂರು. ಬೇರು ಕತ್ತರಿಸಿದವನ ಹೆಸರು ಎಲ್ಲೂ ಇರುವುದಿಲ್ಲ. ನಮ್ಮ ಬೀದಿಯ ಹೊಂಗೆಮರ ಹೋದದ್ದು ಹೀಗೇ. ಕೇಬಲ್ಲಿಗೆ ಅಗೆದ ದಿನ, ಬೇರು ಕತ್ತರಿಸಬೇಡಿ ಎಂದು ನಾವು ನಾಲ್ಕು ಮನೆಯವರು ನಿಂತು ಕೇಳಿಕೊಂಡೆವು. ಮೇಲಿನವರು ಹೇಳಿದಷ್ಟು ಮಾಡುತ್ತೇವೆ ಎಂದರು ಕೂಲಿಯವರು. ಅವರ ತಪ್ಪೇನೂ ಇಲ್ಲ, ದಿನಗೂಲಿಗೆ ಬಂದ ಹುಡುಗರು. ಮೇಲಿನವರು ಕಡೆಯವರೆಗೂ ಬರಲಿಲ್ಲ. ಮರ ಬಿದ್ದ ದಿನ ಮಾತ್ರ ಗರಗಸ ಬೇಗ ಬಂತು.

ಒಂದು ಮರ ಹೋದರೆ ಏನು ಹೋಗುತ್ತದೆಂದು ಕೇಳುವವರಿಗೆ ಅಳತೆಯ ಉತ್ತರವೂ ಇದೆ. ಬೆಂಗಳೂರಿನ ಬೀದಿಗಳಲ್ಲೇ ನಡೆಸಿ 2013ರಲ್ಲಿ ಪ್ರಕಟವಾದ, ಹರಿಣಿ ನಾಗೇಂದ್ರ ಅವರೂ ಸೇರಿ ಬರೆದ ಅಧ್ಯಯನವೊಂದು ಮರವಿರುವ ಬೀದಿಯ ತುಂಡನ್ನೂ ಮರವಿಲ್ಲದ ತುಂಡನ್ನೂ ಹೋಲಿಸಿ ನೋಡಿತು. ಮರದಡಿಯ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪು. ಡಾಂಬರಿನ ಮೈ 27.5 ಡಿಗ್ರಿಯವರೆಗೆ ತಂಪು. ಇಪ್ಪತ್ತೇಳೂವರೆ ಡಿಗ್ರಿ! ಮಗುವಿನ ಮುಖ ಬೀದಿಯ ಮಟ್ಟಕ್ಕೆ ದೊಡ್ಡವರಿಗಿಂತ ಹತ್ತಿರ. ಡಾಂಬರಿನ ಕಾವು ಮೊದಲು ಹೊಡೆಯುವುದು ಅದಕ್ಕೆ. ಏಪ್ರಿಲ್ ತಿಂಗಳ ಹನ್ನೊಂದು ಗಂಟೆಗೆ ಮಗುವನ್ನು ಗವಿಪುರದಿಂದ ಮನೆಗೆ ನಡೆಸಿಕೊಂಡು ಬರಬಹುದೇ ಇಲ್ಲವೇ ಎಂದು ತೀರ್ಮಾನಿಸುವುದು ದಾರಿಯ ಮೇಲಿರುವ ಹೊಂಗೆ, ಬೇವು, ಮಳೆಮರ. ಲಾಲ್‌ಬಾಗಿನ ಮುಖ್ಯಸ್ಥರಾಗಿದ್ದ ಕೃಂಬೀಗಲ್ ವರ್ಷದ ಒಂದೊಂದು ಕಾಲಕ್ಕೆ ಒಂದೊಂದು ಸಾಲು ಹೂ ಬಿಡಲಿ ಎಂದು ಲೆಕ್ಕ ಹಾಕಿ ಈ ಊರಿನ ಬೀದಿಗಳಿಗೆ ಮರ ಆರಿಸಿದರು. ಜರ್ಮನಿಯಿಂದ ಬಂದ ಮನುಷ್ಯನಿಗೆ ನಮ್ಮ ಮಕ್ಕಳ ತಲೆಯ ಮೇಲಿನ ನೆರಳಿನ ಬಗ್ಗೆ ಇದ್ದ ಚಿಂತೆ ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರಿಗೆ ಏಕಿಲ್ಲ?

ಕಾನೂನು ಇಲ್ಲವೆಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಸಾರ್ವಜನಿಕ ಕೆಲಸಕ್ಕೆ ಐವತ್ತಕ್ಕಿಂತ ಹೆಚ್ಚು ಮರ ಹೋಗುವುದಾದರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಹಾಗಾದರೆ ಒಂದು ಬೀದಿಯ ನಲವತ್ತು ಮರ ಹೋದರೆ ಜನರನ್ನು ಕೇಳಬೇಕಾಗಿಲ್ಲ! ಬೇರು ಕತ್ತರಿಸಿ ತಾನಾಗಿ ಬೀಳಲು ಬಿಟ್ಟರಂತೂ ಅನುಮತಿಯ ಪ್ರಶ್ನೆಯನ್ನು ಯಾರೂ ಎತ್ತುವುದೇ ಇಲ್ಲ. ಕಾಂಡದ ಸುತ್ತ ಒಂದು ಮೀಟರು ಮಣ್ಣು ಬಿಡಬೇಕು, ಸುರಿದ ಕಾಂಕ್ರೀಟು ಒಡೆದು ತೆಗೆಯಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಕೊಟ್ಟಿತ್ತು. ದೆಹಲಿಯ ಮರಕ್ಕೆ ಬೇಕಾದ ಮಣ್ಣು ಬಸವನಗುಡಿಯ ಮರಕ್ಕೆ ಬೇಡವೇ?

ನೀರಿನ ಕಥೆ ಇನ್ನೂ ಹಳೆಯದು, ಇನ್ನೂ ನಾಚಿಕೆಗೇಡಿನದು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್‌ಸ್ಟ್ಯಾಂಡಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕಾರಂಜಿ ಕೆರೆ ಆಂಜನೇಯನ ಹೆಸರಿನಲ್ಲಿ ಮಾತ್ರ ಉಳಿಯಿತು. ಕೆರೆ ಎಲ್ಲಿತ್ತು ಎಂದು ಮಗು ಕೇಳಿದರೆ ತೋರಿಸಲು ಕಟ್ಟಡಗಳೇ ಇವೆ. ಉಳಿದದ್ದು ಕೆಂಪಾಂಬುಧಿ. ಕೆಂಪೇಗೌಡರ ಹೆಸರು ಹೇಳಿಕೊಂಡು ಜಯಂತಿ ಮಾಡುತ್ತೇವೆ, ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡುತ್ತೇವೆ, 108 ಅಡಿಯ ಪ್ರತಿಮೆ ನಿಲ್ಲಿಸುತ್ತೇವೆ. ಅವರು ಕಟ್ಟಿಸಿದರೆಂದು ನಂಬಿದ ಕೆರೆಗೆ ಮಾತ್ರ ವರ್ಷಾನುವರ್ಷ ಊರಿನ ಕೊಳಚೆ ಹರಿಸಿದ್ದೇವೆ. ಬಸವನ ಪಾದದಲ್ಲಿ ಹುಟ್ಟಿದಳೆಂದು ಕೈಮುಗಿದ ವೃಷಭಾವತಿಯ ಪಕ್ಕದಲ್ಲಿ ಮೈಸೂರು ರಸ್ತೆಯಲ್ಲಿ ಹೋಗುವಾಗ ಬಸ್ಸಿನ ಕಿಟಕಿ ಮುಚ್ಚುತ್ತೇವೆ. ಆ ನೀರು ಬೈರಮಂಗಲದ ಕೆರೆ ಸೇರಿ ಅಲ್ಲಿಯ ರೈತರ ಗದ್ದೆಗೆ ಹೋಗುತ್ತದೆ. ನಾವು ಕಡಲೆಕಾಯಿ ತಿಂದು ಪ್ಲಾಸ್ಟಿಕ್ಕು ಎಸೆದು ಬಂದದ್ದನ್ನು ಬೇರೆ ಹಳ್ಳಿಯವರು ಉಣ್ಣುತ್ತಾರೆ.

ಲಾಲ್‌ಬಾಗನ್ನಾದರೂ ಬಿಟ್ಟರೇ? 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಅದನ್ನು ಕಾಯಬೇಕಿತ್ತು. 2009ರಲ್ಲಿ ಮೆಟ್ರೋಗಾಗಿ ಅದರ ಗೋಡೆ ಒಡೆದರು, ಆ ಪಟ್ಟಿಯಷ್ಟು ಜಾಗಕ್ಕಾಗಿ ಕಾಯ್ದೆಯನ್ನೇ ತಿದ್ದಿದರು. ಆರ್.ವಿ. ರಸ್ತೆಯ ನಡುವೆ ಉದ್ದಕ್ಕೂ ಇದ್ದ ಲಕ್ಷ್ಮಣರಾವ್ ಬುಲೆವಾರ್ಡಿನ ಮರಗಳು ಗರಗಸಕ್ಕೆ ಸಿಕ್ಕವು. ಅವುಗಳ ಕೆಳಗೆ ನಡೆದಾಡುತ್ತಿದ್ದ ವಯಸ್ಸಾದವರು ಮರ ತಬ್ಬಿ ನಿಂತರೂ ಗರಗಸ ನಿಲ್ಲಲಿಲ್ಲ. ಮೆಟ್ರೋ ನಮಗೆ ಬೇಕು. ನಾವು ಅದರಲ್ಲೇ ಓಡಾಡುತ್ತೇವೆ. ಆದರೆ ನ್ಯಾಷನಲ್ ಕಾಲೇಜು ಸ್ಟೇಷನ್ನಿನಲ್ಲಿ ಇಳಿದವರು ಮನೆಗೆ ಹೋಗುವ ದಾರಿಯನ್ನು ಯಾರು ಕಟ್ಟುತ್ತಾರೆ? ರೈಲಿಗೆ ಸಾವಿರಾರು ಕೋಟಿ ಸುರಿದವರಿಗೆ ಸ್ಟೇಷನ್ನಿನ ಮೆಟ್ಟಿಲ ಬುಡದಿಂದ ಆಚೆ ಒಂದು ಸಮತಟ್ಟಾದ ಚಪ್ಪಡಿ ಹಾಸಲಾಗಲಿಲ್ಲ.

ಈಗ ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಸುಮಾರು 17 ಕಿಲೋಮೀಟರು, 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜು. ಕಾರುಗಳು ಏರಿ ಇಳಿಯುವ ಇಳಿಜಾರಿಗೆ ಲಾಲ್‌ಬಾಗಿನ ಜಾಗವನ್ನೇ ಗುರುತು ಹಾಕಿದ ಸುದ್ದಿ 2025ರಲ್ಲಿ ಹೊರಬಿತ್ತು. ಜನ ಬೀದಿಗೆ ಬಂದ ಮೇಲೆ ಬೇರೆ ಕಡೆ ನೋಡುತ್ತೇವೆ ಎಂಬ ಮಾತು ಬಂತು. ಬೇರೆ ಕಡೆ ನೋಡಬಹುದಾಗಿದ್ದರೆ ಮೊದಲೇ ಏಕೆ ನೋಡಲಿಲ್ಲ? 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಫಲಕ ಹಾಕಿದ ಬಂಡೆ. ‘ಪೆನಿನ್ಸುಲಾರ್ ನೈಸ್’ ಎಂಬ ಹೆಸರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ 1916ರಲ್ಲಿ ಕೊಟ್ಟದ್ದು ಈ ಜಾತಿಯ ಕಲ್ಲಿಗೆ. ಭೂಮಿಯ ಬಾಲ್ಯವನ್ನು ಮಗು ಬರಿಗಾಲಲ್ಲಿ ಮುಟ್ಟಬಹುದಾದ ಜಾಗ ಅದು. ಅದರ ಪಕ್ಕಕ್ಕೆ ಯಂತ್ರ ತರಲು ನಕ್ಷೆಯ ಮೇಲೆ ಗೆರೆ ಎಳೆದ ಕೈ ಆ ಬಂಡೆಯ ಮೇಲೆ ಒಂದು ಸಲವಾದರೂ ಕೂತಿದ್ದರೆ ನಡುಗುತ್ತಿತ್ತು.

ಮಲ್ಲೇಶ್ವರದಲ್ಲೂ ಇದೇ ಪಾಡು. ಅದು ಮಲ್ಲಾಪುರವೆಂಬ ಹಳ್ಳಿ. ಶಿವಾಜಿಯ ಮಲತಮ್ಮ ಏಕೋಜಿ ಕಾಡು ಮಲ್ಲೇಶ್ವರನಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಕೊಟ್ಟ 1669ರ ಶಾಸನ ಅಲ್ಲಿದೆ. ಕಾಡಿನ ನಡುವಿನ ದೇವರೆಂದೇ ಆ ಹೆಸರು, ಎದುರಿಗೆ ನಂದಿತೀರ್ಥ. ಬೇವಿನ ಸಾಲಿದ್ದ ಬೀದಿ ಮಾರ್ಗೋಸಾ ರಸ್ತೆ, ಸಂಪಿಗೆಯ ಹೆಸರು ಹೊತ್ತದ್ದು ಸಂಪಿಗೆ ರಸ್ತೆ. ಆ ಹೆಸರುಗಳನ್ನು ಓದಿ ಮಗು ಮರ ಹುಡುಕಿದರೆ ಸಿಗುವುದು ಪಾರ್ಕಿಂಗು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಏರಿಯ ಮೇಲಿನ ಮರಗಳಿಗೆ 2011ರಲ್ಲಿ ರಸ್ತೆ ಅಗಲ ಮಾಡಲು ಕೊಡಲಿ ಬಿತ್ತು, ಅಡ್ಡ ನಿಂತವರನ್ನು ಪೊಲೀಸರು ಎತ್ತಿಕೊಂಡು ಹೋದರು. ಮತ್ತೆ ಅಲ್ಲೇ ಮೇಲ್ಸೇತುವೆ ಎಂದಾಗ 2023ರ ಫೆಬ್ರುವರಿಯಲ್ಲಿ ಜನ ಬಾಯಿ ಬಿಡದೆ ನಡೆದರು. ಮೌನವಾಗಿ ನಡೆದವರ ಮೇಲೆ ಕೇಸು ಬಿತ್ತು. ಈ ಊರಿನಲ್ಲಿ ಮರ ಕಡಿದವನ ಮೇಲೆ ಕೇಸು ಬಿದ್ದದ್ದನ್ನು ಎಷ್ಟು ಜನ ಕೇಳಿದ್ದೀರಿ? ಆ ಮೇಲ್ಸೇತುವೆಯ ಯೋಜನೆ ಮಾತ್ರ ನಿಂತುಹೋಯಿತು. ನಿಲ್ಲಿಸಿದ್ದು ಆ ನಡಿಗೆಯೇ ಎಂಬುದನ್ನು ಮರೆಯಬಾರದು.

ಚಾಮರಾಜಪೇಟೆ 1892ರ ಬಡಾವಣೆ, ಈ ಮೂರರಲ್ಲಿ ಹಳೆಯದು. ಸಾಹಿತ್ಯ ಪರಿಷತ್ತು ಇರುವ ಬೀದಿ ಪಂಪನ ಹೆಸರಿನದು. ಆರ್. ಕಲ್ಯಾಣಮ್ಮನವರು ಮಕ್ಕಳಿಗೆಂದೇ ಕಟ್ಟಿದ ಮಕ್ಕಳ ಕೂಟವೂ ಅಲ್ಲೇ. ಈಗ ಮಕ್ಕಳ ಕೂಟದ ವೃತ್ತದಲ್ಲಿ ದೊಡ್ಡವರ ಕೈ ಹಿಡಿಯದೆ ಮಗುವೊಂದು ರಸ್ತೆ ದಾಟಲಾರದು. ದೊಡ್ಡವರೂ ಜೀವ ಕೈಯಲ್ಲಿ ಹಿಡಿದೇ ದಾಟುತ್ತಾರೆ.

ಇದನ್ನೆಲ್ಲ ಹೇಳಿದರೆ, ಹಳೇ ಬೆಂಗಳೂರಿನ ಅನುಕೂಲಸ್ಥರ ಹಳಹಳಿಕೆ ಎಂದು ತಳ್ಳಿಹಾಕುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅನುಕೂಲಸ್ಥರಿಗೆ ಕಾರು ಇದೆ. ಏಸಿ ಹಾಕಿಕೊಂಡು ರೆಸಾರ್ಟಿಗೆ ಹೋಗಿ ದುಡ್ಡು ಕೊಟ್ಟು ಹಳ್ಳಿ ನೋಡಿ ಬರುತ್ತಾರೆ. ಬೆಳಿಗ್ಗೆ ಐದೂವರೆಗೆ ಗುಟ್ಟಹಳ್ಳಿಯ ಒಂದು ಕೋಣೆಯ ಮನೆಯಿಂದ ಹೊರಟು ನಾಲ್ಕು ಮನೆ ಪಾತ್ರೆ ತೊಳೆದು ನಡೆದೇ ವಾಪಸಾಗುವ ಹೆಂಗಸಿಗೆ ಆ ಹೊಂಗೆಯ ನೆರಳು ಬೇಕು. ಪೊರಕೆ ಹಿಡಿದ ಪೌರಕಾರ್ಮಿಕರು ಕೂತು ತಿಂಡಿ ತಿನ್ನುವುದು ಆ ಮರದ ಕಟ್ಟೆಯ ಮೇಲೆ. ಟಿಕೆಟ್ಟಿಲ್ಲದೆ, ಪೆಟ್ರೋಲಿಲ್ಲದೆ ಭಾನುವಾರ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದರೆ ಬಡವರ ಮನೆಗೆ ಇರುವುದು ಕಹಳೆ ಬಂಡೆ, ಕೆರೆಯ ದಂಡೆ, ಗುಡ್ಡ. ಅದನ್ನು ಕಿತ್ತುಕೊಂಡಿರಿ. ಯಾರ ಮನೆಯ ಮಕ್ಕಳಿಗೆ ಆಟವಾಡಲು ಬೇರೆ ಜಾಗವಿಲ್ಲವೋ ಅವರಿಂದಲೇ ಕಿತ್ತುಕೊಂಡಿರಿ. 17 ಸಾವಿರ ಕೋಟಿಯ ಸುರಂಗದಲ್ಲಿ ಅವರಿಗೆ ಯಾವ ಪಾಲೂ ಇಲ್ಲ.

ಬೇರೆ ದಾರಿ ಇಲ್ಲವೆಂದು ಹೇಳಬೇಡಿ. ಇದೇ ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಮಣ್ಣುವಡ್ಡರು ತಮ್ಮ ಕೈಯಿಂದಲೇ ಇಂಗುಬಾವಿಗಳನ್ನು ತೋಡಿದರು. ಮಳೆನೀರು ಚರಂಡಿಗೆ ಹೋಗದೆ ನೆಲಕ್ಕಿಳಿಯಿತು. ಅಗೆಯುವುದು ಅವರ ಕಸುಬು, ಎಲ್ಲಿ ಗುದ್ದಲಿ ನಿಲ್ಲಬೇಕೆಂದು ಅವರಿಗೆ ಗೊತ್ತು. 2014ರಿಂದ ನಾಗರಿಕರೇ ದುಡ್ಡು ಹಾಕಿ ‘ನೆರಳು’ ಎಂಬ ಮರಗಳ ಹಬ್ಬ ನಡೆಸಿ ಮನೆಮಂದಿಯನ್ನೆಲ್ಲ ಮರದಿಂದ ಮರಕ್ಕೆ ನಡೆಸಿದ್ದಾರೆ. ಅದಕ್ಕೆ ಟೆಂಡರು ಬೇಕಾಗಲಿಲ್ಲ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ಬೋರ್ಡು ಬದಲಾದರೆ ಸಾಲದು. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಮಲ್ಲಾಪುರ ಎಂಬ ಹಳ್ಳಿಗಳ ಗಡಿ ನಕ್ಷೆಯಲ್ಲಿ ಕಾಣಲಿ. ಗುಡ್ಡ, ಬಂಡೆ, ಕೆರೆ, ಗುಡಿಗಳನ್ನು ಕೂಡಿಸುವ ಹಾದಿ ಕಾಲ್ನಡಿಗೆಯ ಹಾದಿ ಎಂದು ಆದೇಶ ಹೊರಡಲಿ. ಗವಿಗೆ ಬರುವ ಸಂಕ್ರಾಂತಿಯ ಬೆಳಕಿನ ದಾರಿಯಲ್ಲಿ ಮಾಳಿಗೆಯ ಮೇಲೆ ಮಾಳಿಗೆ ಏರದಿರಲಿ. ಮರದ ಬುಡದ ಸುತ್ತ ಯಂತ್ರ ಬೇಡ, ಗುದ್ದಲಿ ಮಾತ್ರ. ಒಂದು ಮೀಟರು ಬರಿ ಮಣ್ಣು. ಅಗೆದ ಇಲಾಖೆಯ, ಗುತ್ತಿಗೆದಾರನ ಹೆಸರು ಅಗೆದ ಜಾಗದಲ್ಲೇ ಬರೆದಿರಲಿ, ಎರಡು ವರ್ಷದೊಳಗೆ ಆ ಮರ ಬಿದ್ದರೆ ಹೊಣೆ ಅವರದೇ ಆಗಲಿ. ಕಡತಕ್ಕೆ ಸಹಿ ಹಾಕುವ ಮುಂಚೆ ಆ ಅಧಿಕಾರಿ ಒಬ್ಬ ಅಜ್ಜಿ, ಒಂದು ಮಗುವಿನ ಜೊತೆ ಆ ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆಯಲಿ. ನಡೆಯಲಾರದಿದ್ದರೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ.

ಓದುತ್ತಿರುವ ನಿಮಗೂ ಒಂದು ಮಾತು. ಬರುವ ಭಾನುವಾರ ಮಕ್ಕಳನ್ನು, ಮನೆಯ ಹಿರಿಯರನ್ನು ಕರೆದುಕೊಂಡು ಈ ಸುತ್ತು ಹೊರಡಿ. ಎಲ್ಲಿ ಬೀದಿಗಿಳಿಯಬೇಕಾಯಿತು, ಎಲ್ಲಿ ಮರದ ಕುತ್ತಿಗೆಗೆ ಕಾಂಕ್ರೀಟು ಬಿಗಿದಿದೆ, ಎಲ್ಲಿ ಗುಂಡಿ ಬಾಯಿ ತೆರೆದಿದೆ ಎಂಬುದರ ಫೋಟೋ ತೆಗೆದು, ತಾರೀಖು ಹಾಕಿ, ಪಾಲಿಕೆಗೂ ವೃಕ್ಷ ಅಧಿಕಾರಿಗೂ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಬೇರಿನ ಪಕ್ಕ ಜೆಸಿಬಿ ನಿಂತದ್ದು ಕಂಡರೆ ಮುಂದೆ ಹೋಗಬೇಡಿ. ಅಲ್ಲೇ ನಿಲ್ಲಿ. ಕೂಲಿಯವರ ಮೇಲೆ ಕೂಗಾಡಬೇಡಿ, ಕಾಮಗಾರಿಯ ಆದೇಶ ತೋರಿಸಲು ಹೇಳಿ, ಸಹಿ ಹಾಕಿದವರನ್ನು ಅಲ್ಲಿಗೆ ಕರೆಸಿ. ಅವರು ಬರುವವರೆಗೆ ಅಲ್ಲಿಂದ ಕದಲಬೇಡಿ.